ಅಗಾಪೆ ಅಂದ್ರೆ ಬರೀ 'ದೈವಿಕ ಪ್ರೀತಿ'ನಾ? ಬೈಬಲ್‌ನ ಒಂದು ಗ್ರೀಕ್ ಪದವನ್ನ ನೀವೇ ಪರೀಕ್ಷೆ ಮಾಡಿ ನೋಡೋದು ಹೇಗೆ

"ಅಗಾಪೆ ಅಂದ್ರೆ ದೇವರ ಪ್ರೀತಿ, ಫಿಲೆಯೋ ಅಂದ್ರೆ ಸ್ನೇಹದ ಪ್ರೀತಿ, ಹೌದಾ?" ಅಂತ ವಾರಕ್ಕೊಬ್ಬರಾದ್ರೂ ಕೇಳ್ತಾರೆ. ಕೆಲವರು ಭಾನುವಾರದ ಪ್ರಸಂಗದಲ್ಲಿ ಕೇಳಿಸ್ಕೊಂಡಿರ್ತಾರೆ, ಕೆಲವರು ವಾಟ್ಸಾಪ್‌ನಲ್ಲಿ ಬಂದ ಚಾರ್ಟ್ ನೋಡಿರ್ತಾರೆ, ನಾಲ್ಕು ಬಗೆ ಪ್ರೀತಿ, ನಾಲ್ಕು ಗ್ರೀಕ್ ಪದ, ನಾಲ್ಕು ಬಣ್ಣದ ಡಬ್ಬಿ. ಅದನ್ನೇ ಇಟ್ಕೊಂಡು ಬೈಬಲ್ ಸ್ಟಡಿ ನಡೆಸೋಕೆ ಹೊರಟಾಗ ಯಾರೋ ಒಬ್ಬರು "ಹಾಗಾದ್ರೆ ಈ ವಚನದಲ್ಲಿ ಯಾಕೆ ಹೀಗಿದೆ?" ಅಂದ್ರೆ ಉತ್ತರ ಇರಲ್ಲ.

ಬರೀ ಹೌದು ಅಲ್ಲ ಅಂತ ಹೇಳಿಬಿಟ್ರೆ ನೀವು ಚಾರ್ಟ್ ನಂಬೋದು ಬಿಟ್ಟು ನನ್ನನ್ನ ನಂಬಿದ ಹಾಗಾಗತ್ತೆ ಅಷ್ಟೇ. ಅದಕ್ಕೇ ಅಗಾಪೆ ಪದವನ್ನೇ ಉದಾಹರಣೆಗೆ ಇಟ್ಕೊಂಡು, ಗ್ರೀಕ್ ಬರದೇ ಇರೋರು ಕೂಡ ಒಂದು ಪದವನ್ನ ಹೇಗೆ ಪರೀಕ್ಷೆ ಮಾಡಬಹುದು ಅಂತ ಹಂತ ಹಂತವಾಗಿ ಬರೀತಿದೀನಿ. ಒಂದು ಸಂಜೆ ಸಾಕು.

ಏನೇನು ಬೇಕು

ನೀವು ದಿನಾ ಓದೋ ಕನ್ನಡ ಬೈಬಲ್, ಸಾಧ್ಯವಾದ್ರೆ ಇನ್ನೊಂದು ಬೇರೆ ಕನ್ನಡ ಅನುವಾದ, ಒಂದು ನೋಟ್‌ಬುಕ್, ಇಂಟರ್ನೆಟ್ ಇರೋ ಫೋನ್. ಆನ್‌ಲೈನ್‌ನಲ್ಲಿ ಸ್ಟೆಪ್ ಬೈಬಲ್ ಅಂತ ಇದೆ, ಕೇಂಬ್ರಿಡ್ಜ್‌ನ ಟಿಂಡೇಲ್ ಹೌಸ್‌ನವರು ಮಾಡಿರೋದು, ಫ್ರೀ. ಬೈಬಲ್ ಹಬ್, ಬ್ಲೂ ಲೆಟರ್ ಬೈಬಲ್ ಕೂಡ ಫ್ರೀ. ಮೂರರಲ್ಲಿ ಯಾವುದಾದ್ರೂ ಒಂದನ್ನ ಸರಿಯಾಗಿ ಬಳಸೋದು ಕಲೀರಿ. ಇವೆಲ್ಲದರಲ್ಲೂ ಗ್ರೀಕ್‌ಗೆ ಇಂಗ್ಲಿಷ್ ಮೂಲಕನೇ ಹೋಗಬೇಕು, ಹೈಸ್ಕೂಲ್ ಇಂಗ್ಲಿಷ್ ಇದ್ರೆ ನಡೆಯತ್ತೆ.

ಮೂರು ಪದ ಮೊದಲೇ ಗೊತ್ತಿರಲಿ. ಇಂಟರ್‌ಲೀನಿಯರ್ ಅಂದ್ರೆ ಗ್ರೀಕ್ ಸಾಲಿನ ಒಂದೊಂದು ಪದದ ಕೆಳಗೂ ಅದರ ಅರ್ಥ ಕೊಟ್ಟಿರೋ ಪಠ್ಯ. ಕಾನ್ಕಾರ್ಡೆನ್ಸ್ ಅಂದ್ರೆ ಒಂದು ಪದ ಬೈಬಲ್‌ನಲ್ಲಿ ಎಲ್ಲೆಲ್ಲಿ ಬಂದಿದೆ ಅನ್ನೋ ಪಟ್ಟಿ. ಸ್ಟ್ರಾಂಗ್ ನಂಬರ್ ಅಂದ್ರೆ 1890ರಲ್ಲಿ ಜೇಮ್ಸ್ ಸ್ಟ್ರಾಂಗ್ ಅನ್ನೋ ಅಮೆರಿಕನ್ ಪಂಡಿತರು ತಮ್ಮ ಕಾನ್ಕಾರ್ಡೆನ್ಸ್‌ನಲ್ಲಿ ಒಂದೊಂದು ಮೂಲ ಪದಕ್ಕೂ ಕೊಟ್ಟ ನಂಬರ್, ಗ್ರೀಕ್ ಓದೋಕೆ ಬರದೇ ಇದ್ರೂ ಆ ನಂಬರ್ ಹಿಡ್ಕೊಂಡು ಪದ ಹುಡುಕಬಹುದು.

1. ಮೊದಲು ಕನ್ನಡದಲ್ಲೇ ಅಧ್ಯಾಯ ಪೂರ್ತಿ ಓದಿ

ಎಲ್ಲರೂ ಬಿಟ್ಟುಬಿಡೋ ಹಂತ ಇದೇ. ಯೋಹಾನ 21ನೇ ಅಧ್ಯಾಯ ತೆಗೀರಿ, ಈ ಚರ್ಚೆಯೆಲ್ಲ ಹುಟ್ಟೋದು ಅಲ್ಲೇ. ರಾತ್ರಿಯೆಲ್ಲ ಬಲೆ ಬೀಸಿದ್ರೂ ಮೀನು ಸಿಕ್ಕಿಲ್ಲ, ಬೆಳಗಾಗ್ತಿದ್ದಂಗೆ ದಡದಲ್ಲಿ ಯೇಸು ನಿಂತಿದ್ದಾರೆ, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಊಟ ಆದ ಮೇಲೆ ಯೇಸು ಪೇತ್ರನಿಗೆ ಮೂರು ಸಲ ಕೇಳ್ತಾರೆ, ನನ್ನ ಮೇಲೆ ಪ್ರೀತಿ ಇದೆಯಾ ಅಂತ. ಪೇತ್ರ ಮೂರು ಸಲ ಉತ್ತರ ಕೊಡ್ತಾನೆ.

15ರಿಂದ 17ನೇ ವಚನದವರೆಗೆ ಪ್ರಶ್ನೆಗೆ ಯಾವ ಕನ್ನಡ ಪದ ಇದೆ, ಉತ್ತರಕ್ಕೆ ಯಾವ ಪದ ಇದೆ ಅಂತ ನೋಟ್‌ಬುಕ್‌ನಲ್ಲಿ ಬರ್ಕೊಳ್ಳಿ. ಎರಡಕ್ಕೂ ಒಂದೇ ಪದನಾ, ಬೇರೆ ಬೇರೆನಾ? ಇನ್ನೊಂದು ಅನುವಾದದಲ್ಲಿ ಹೇಗಿದೆ? ಅನುವಾದಕರು ಎಲ್ಲಿ ಯೋಚನೆ ಮಾಡಿದ್ದಾರೆ ಅನ್ನೋದು ಈ ಹೋಲಿಕೆಯಲ್ಲೇ ಗೊತ್ತಾಗತ್ತೆ.

2. ಕನ್ನಡ ಪದದ ಹಿಂದೆ ಯಾವ ಗ್ರೀಕ್ ಪದ ಇದೆ ಅಂತ ಹುಡುಕಿ

ಇಂಟರ್‌ಲೀನಿಯರ್‌ನಲ್ಲಿ ಯೋಹಾನ 21:15 ತೆಗೆದ್ರೆ ಯೇಸುವಿನ ಪ್ರಶ್ನೆಯಲ್ಲಿ 'ಅಗಪಾಸ್ ಮೆ' ಅಂತಿದೆ, ನೀನು ನನ್ನನ್ನ ಪ್ರೀತಿಸ್ತೀಯಾ ಅಂತ. ಪೇತ್ರನ ಉತ್ತರದಲ್ಲಿ 'ಫಿಲೋ ಸೆ' ಅಂತಿದೆ, ನಾನು ನಿನ್ನನ್ನ ಪ್ರೀತಿಸ್ತೀನಿ ಅಂತ. ಎರಡನೇ ಸಲವೂ ಹಾಗೇ. ಮೂರನೇ ಸಲ ಮಾತ್ರ ಯೇಸು 'ಫಿಲೇಯ್ಸ್ ಮೆ' ಅಂತ ಕೇಳ್ತಾರೆ, ಪೇತ್ರ ಮತ್ತೆ 'ಫಿಲೋ ಸೆ' ಅಂತಾನೆ.

'ಅಗಪಾಸ್' ಅನ್ನೋದನ್ನ ಡಿಕ್ಷನರಿಯಲ್ಲಿ ಹುಡುಕಿದ್ರೆ ಸಿಗಲ್ಲ. ಕನ್ನಡದಲ್ಲಿ 'ಹೋಗ್ತೀಯಾ' ಅನ್ನೋದನ್ನ ನಿಘಂಟಿನಲ್ಲಿ ಹುಡುಕಲ್ಲ, 'ಹೋಗು' ಅಂತ ಹುಡುಕ್ತೀವಲ್ಲ, ಹಾಗೇ ಗ್ರೀಕ್‌ನಲ್ಲೂ ಒಂದು ನಿಘಂಟು ರೂಪ ಇರತ್ತೆ, ಅದಕ್ಕೆ ಲೆಮ್ಮಾ ಅಂತಾರೆ. ಇಲ್ಲಿ ಅದು 'ಅಗಪಾಓ', ಸ್ಟ್ರಾಂಗ್ ನಂಬರ್ ಜಿ25. ಇನ್ನೊಂದು 'ಫಿಲೆಯೋ', ಜಿ5368. 'ಅಗಾಪೆ' ಅನ್ನೋದು ಪ್ರೀತಿ ಅನ್ನೋ ನಾಮಪದ, ಅದರ ನಂಬರ್ ಜಿ26.

ಇಲ್ಲೇ ಒಂದು ಎಚ್ಚರಿಕೆ. ಕ್ರಿಯಾಪದಕ್ಕೂ ನಾಮಪದಕ್ಕೂ ನಂಬರ್ ಬೇರೆ ಬೇರೆ. ಬರೀ ಜಿ26 ಹುಡುಕಿದ್ರೆ ಯೋಹಾನ 3:16 ಕೂಡ ಸಿಗಲ್ಲ, ಯಾಕಂದ್ರೆ ಅಲ್ಲಿರೋದು ಕ್ರಿಯಾಪದ. ಎರಡನ್ನೂ ಹುಡುಕಿ.

3. ಆ ಪದ ಬರೋ ಎಲ್ಲಾ ಕಡೆ ಹೋಗಿ ನೋಡಿ

ನಿಜವಾದ ಕೆಲಸ ಇಲ್ಲೇ ಇರೋದು, ಅವಸರ ಮಾಡಬೇಡಿ. ಹೊಸ ಒಡಂಬಡಿಕೆಯಲ್ಲಿ ಅಗಪಾಓ ಕ್ರಿಯಾಪದ 143 ಸಲ, ಅಗಾಪೆ ನಾಮಪದ 116 ಸಲ ಬರತ್ತೆ, ಫಿಲೆಯೋ ಬರೋದು 25 ಸಲ ಅಷ್ಟೇ. (ಮೂಲ ಪಠ್ಯದ ಆವೃತ್ತಿ ಬದಲಾದ್ರೆ ಒಂದೆರಡು ಹೆಚ್ಚು ಕಮ್ಮಿ ಆಗಬಹುದು.) ಚಾರ್ಟ್‌ನಲ್ಲಿರೋ 'ಎರೋಸ್' (ಗಂಡು ಹೆಣ್ಣಿನ ಮೋಹ) ಹೊಸ ಒಡಂಬಡಿಕೆಯಲ್ಲಿ ಒಂದು ಸಲಾನೂ ಇಲ್ಲ. 'ಸ್ಟೋರ್ಗೆ' (ಮನೆಯವರ ಮೇಲಿನ ಅಕ್ಕರೆ) ಅನ್ನೋ ನಾಮಪದವೂ ಇಲ್ಲ, ಅದರಿಂದ ಆದ ಪದಗಳು ರೋಮ 1:31, ರೋಮ 12:10 ಮತ್ತು 2 ತಿಮೊಥೆ 3:3ರಲ್ಲಿ ಮಾತ್ರ ಇವೆ. ಅಂದ್ರೆ "ಬೈಬಲ್ ಹೇಳೋ ನಾಲ್ಕು ಪ್ರೀತಿ" ಅನ್ನೋ ಚಾರ್ಟ್‌ನ ಅರ್ಧ ಭಾಗ ಹೊಸ ಒಡಂಬಡಿಕೆಯಲ್ಲಿ ಆ ರೂಪದಲ್ಲಿ ಇಲ್ಲವೇ ಇಲ್ಲ.

ಈಗ ಅಗಪಾಓ ಪಟ್ಟಿ ಓದ್ತಾ ಹೋಗಿ. ದೇವರು ಲೋಕವನ್ನ ಪ್ರೀತಿಸಿದ್ದು, ವೈರಿಗಳನ್ನ ಪ್ರೀತಿಸಿ ಅಂದಿದ್ದು, ಗಂಡಂದಿರೇ ಹೆಂಡತಿಯರನ್ನ ಪ್ರೀತಿಸಿ ಅಂದಿದ್ದು, ಇದೆಲ್ಲ ಸಿಗತ್ತೆ, ಮನಸ್ಸು ತುಂಬಿ ಬರತ್ತೆ. ಆದ್ರೆ ಪಟ್ಟಿ ಅಷ್ಟಕ್ಕೇ ನಿಲ್ಲಲ್ಲ, ಇವನ್ನೂ ನೋಡಿ:

ಯೋಹಾನ 3:19, ಜನ ಬೆಳಕಿಗಿಂತ ಕತ್ತಲೆಯನ್ನೇ ಪ್ರೀತಿಸಿದ್ರು. ಅಲ್ಲಿರೋದೂ ಅಗಪಾಓ, 3:16 ಆಗಿ ಮೂರೇ ಮೂರು ವಚನ ಆದ ಮೇಲೆ.

ಲೂಕ 11:43, ಫರಿಸಾಯರು ಸಭಾಮಂದಿರದ ಮುಂದಿನ ಸೀಟನ್ನ ಪ್ರೀತಿಸ್ತಾರೆ. ಅಗಪಾಓ.

2 ತಿಮೊಥೆ 4:10, ದೇಮ ಇಹಲೋಕವನ್ನ ಪ್ರೀತಿಸಿ ಪೌಲನನ್ನ ಬಿಟ್ಟು ಹೋದ. ಅಗಪಾಓ.

ಮತ್ತಾಯ 5:46, ನಿಮ್ಮನ್ನ ಪ್ರೀತಿಸೋರನ್ನೇ ನೀವು ಪ್ರೀತಿಸಿದ್ರೆ ಏನು ಬಂತು, ಸುಂಕದವರೂ ಹಾಗೇ ಮಾಡಲ್ವಾ? ಇಲ್ಲೂ ಅಗಪಾಓ, ಕೊಟ್ಟು ತಗೊಳ್ಳೋ ಲೆಕ್ಕದ ಪ್ರೀತಿಗೆ. ಲೂಕ 6:32ರಲ್ಲಿ ಅದನ್ನೇ ಪಾಪಿಗಳ ಬಗ್ಗೆ ಹೇಳಿದೆ.

ಯೂದನ ಪತ್ರಿಕೆಯ 12ನೇ ವಚನದಲ್ಲಿ ಅಗಾಪೆಯ ಬಹುವಚನ ಬಂದಿದೆ, ಅಲ್ಲಿ ಅದರ ಅರ್ಥ ಸಭೆಯವರು ಒಟ್ಟಿಗೆ ಕೂತು ಮಾಡೋ ಪ್ರೇಮಭೋಜನ. ಪದ ಅದೇ, ಮಾತಾಡ್ತಿರೋದು ಊಟದ ಬಗ್ಗೆ!

ಫರಿಸಾಯರ ಸೀಟಿನ ಆಸೆಗೂ ದೇಮನ ಲೋಕದ ಆಸೆಗೂ ಬಳಸಿರೋ ಪದ ತನ್ನಷ್ಟಕ್ಕೆ ತಾನೇ 'ಏನೂ ಬಯಸದ ದೈವಿಕ ಪ್ರೀತಿ' ಅನ್ನೋ ಅರ್ಥ ಕೊಡೋಕೆ ಆಗಲ್ಲ. ಅದು ನಮ್ಮ 'ಪ್ರೀತಿ' ಪದದ ಥರ, ತಾಯಿಗೆ ಮಗು ಮೇಲೂ ಪ್ರೀತಿ, ಜಿಪುಣನಿಗೆ ದುಡ್ಡಿನ ಮೇಲೂ ಪ್ರೀತಿ. ಯಾರು, ಯಾರನ್ನ, ಹೇಗೆ ಅನ್ನೋದರಲ್ಲಿ ವ್ಯತ್ಯಾಸ ಇರತ್ತೆ.

ಇಲ್ಲಿ ಆಗೋ ತಪ್ಪು ಏನಂದ್ರೆ, ನಮಗೆ ಬೇಕಾದ ಐದಾರು ವಚನ ಆರಿಸ್ಕೊಂಡು ಉಳಿದದ್ದನ್ನ ಬಿಟ್ಟುಬಿಡೋದು. ಪಟ್ಟಿಯಲ್ಲಿ ನಿಮ್ಮ ಅಭಿಪ್ರಾಯಕ್ಕೆ ಒಪ್ಪದ ವಚನಗಳನ್ನೇ ಮೊದಲು ಬರೆದಿಡಿ.

4. ಹಳೆ ಒಡಂಬಡಿಕೆಯ ಗ್ರೀಕ್ ಅನುವಾದಕ್ಕೂ ಹೋಗಿ

ಹಳೆ ಒಡಂಬಡಿಕೆ ಹೀಬ್ರೂ ಅಲ್ವಾ, ಅಲ್ಲಿ ಗ್ರೀಕ್ ಎಲ್ಲಿಂದ ಬಂತು ಅಂತ ಕೇಳಬಹುದು. ಕ್ರಿಸ್ತನಿಗೂ ಮುಂಚೆನೇ ಯೆಹೂದ್ಯರು ತಮ್ಮ ಗ್ರಂಥಗಳನ್ನ ಗ್ರೀಕ್‌ಗೆ ತಂದಿದ್ರು, ಅದನ್ನ ಸೆಪ್ಟುವಜಿಂಟ್ ಅಂತಾರೆ. ಹೊಸ ಒಡಂಬಡಿಕೆ ಬರೆದವರಿಗೆ ಅದು ಚೆನ್ನಾಗಿ ಪರಿಚಯ, ಅವರ ಮಾತಿನ ರೂಢಿ ಎಷ್ಟೋ ಕಡೆ ಅಲ್ಲಿಂದಲೇ ಬಂದಿದೆ. "ನಿನ್ನ ನೆರೆಯವನನ್ನು ಪ್ರೀತಿಸು" ಅನ್ನೋ ಯಾಜಕಕಾಂಡ 19:18ರ ಮಾತು ಅಲ್ಲಿ ಅಗಪಾಓದಲ್ಲೇ ಇದೆ, ಯೇಸು ಹೇಳಿದಾಗ ಸುವಾರ್ತೆಗಳಲ್ಲೂ ಅದೇ ಪದ.

ಆದ್ರೆ 2 ಸಮುವೇಲ 13 ತೆಗೀರಿ. ದಾವೀದನ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳ ಮೇಲೆ ಕಣ್ಣು ಹಾಕಿ, ಕಾಯಿಲೆಯ ನಾಟಕ ಆಡಿ, ಅವಳನ್ನ ಒಳಗೆ ಕರೆಸ್ಕೊಂಡು ಕೆಡಿಸಿದ ಅಧ್ಯಾಯ. ಓದೋಕೇ ಸಂಕಟ ಆಗತ್ತೆ. 15ನೇ ವಚನದಲ್ಲಿ, ಮೊದಲು ಅವನಿಗಿದ್ದ ಪ್ರೀತಿಗಿಂತ ಆಮೇಲೆ ಬಂದ ದ್ವೇಷ ದೊಡ್ಡದಾಯ್ತು ಅಂತಿದೆ, ಗ್ರೀಕ್‌ನಲ್ಲಿ ಆ 'ಪ್ರೀತಿ'ಗೆ ಇರೋ ಪದ ಅಗಾಪೆ, ನಾಮಪದ ಕ್ರಿಯಾಪದ ಎರಡೂ ಅಲ್ಲೇ ಇವೆ. ಅಗಾಪೆ ಅಂದ್ರೆ ಯಾವಾಗಲೂ ಪವಿತ್ರ ಪ್ರೀತಿ ಅನ್ನೋರು ಈ ವಚನದ ಮುಂದೆ ಒಂದು ಕ್ಷಣ ಕೂರಬೇಕು.

ಇನ್ನೊಂದು ಕಡೆ ಪರಮಗೀತದಲ್ಲಿ ಗಂಡು ಹೆಣ್ಣಿನ ಒಲವಿಗೂ ಅಗಾಪೆನೇ, ಪ್ರೀತಿ ಮರಣದಷ್ಟು ಬಲವಾದದ್ದು ಅನ್ನೋ 8:6ರಲ್ಲೂ.

5. ಜೊತೆಯ ಪದವನ್ನ ಪಕ್ಕದಲ್ಲಿಟ್ಟು ನೋಡಿ

ಒಂದು ಪದಕ್ಕೆ ವಿಶೇಷ ಅರ್ಥ ಇದೆ ಅನ್ನಬೇಕಾದ್ರೆ ಅದರ ಸಮೀಪದ ಪದ ಆ ಜಾಗದಲ್ಲಿ ಬರಬಾರದು ತಾನೇ. ಫಿಲೆಯೋ ಪಟ್ಟಿ ಚಿಕ್ಕದು, ಪೂರ್ತಿ ಓದಬಹುದು.

ತಂದೆ ಮಗನನ್ನ ಪ್ರೀತಿಸ್ತಾನೆ ಅಂತ ಯೋಹಾನ 3:35ರಲ್ಲಿದೆ, ಅಲ್ಲಿ ಅಗಪಾಓ. ಅದೇ ಮಾತು 5:20ರಲ್ಲಿದೆ, ಅಲ್ಲಿ ಫಿಲೆಯೋ. ಯೇಸು ಪ್ರೀತಿಸಿದ ಶಿಷ್ಯ ಅನ್ನೋದಕ್ಕೆ 13:23ರಲ್ಲಿ ಅಗಪಾಓ, 20:2ರಲ್ಲಿ ಫಿಲೆಯೋ. ಫರಿಸಾಯರ ಮುಂದಿನ ಸೀಟಿಗೆ ಲೂಕ ಅಗಪಾಓ ಅಂದ್ರೆ ಮತ್ತಾಯ 23:6ರಲ್ಲಿ ಫಿಲೆಯೋ ಇದೆ. ತಂದೆಗೆ ಮಗನ ಮೇಲಿರೋ ಪ್ರೀತಿಗೆ ಫಿಲೆಯೋ ಅಂದಿದ್ದಾರೆ ಅಂದ ಮೇಲೆ ಅದು 'ಕೆಳದರ್ಜೆ ಪ್ರೀತಿ' ಹೇಗಾಗತ್ತೆ?

ಆದಿಕಾಂಡ 37 ಕೂಡ ನೋಡಿ, ನನಗೆ ತುಂಬಾ ಇಷ್ಟವಾದ ಉದಾಹರಣೆ. ಯಾಕೋಬ ಯೋಸೇಫನನ್ನ ಉಳಿದ ಮಕ್ಕಳಿಗಿಂತ ಹೆಚ್ಚು ಪ್ರೀತಿಸಿದ ಅಂತ 3ನೇ ವಚನ ಹೇಳುವಾಗ ಸೆಪ್ಟುವಜಿಂಟ್‌ನಲ್ಲಿ ಅಗಪಾಓ, ಅಣ್ಣಂದಿರು ಅದನ್ನ ಗಮನಿಸಿದ್ರು ಅಂತ 4ನೇ ವಚನ ಹೇಳುವಾಗ ಫಿಲೆಯೋ. ಹೀಬ್ರೂನಲ್ಲಿ ಎರಡೂ ಕಡೆ ಒಂದೇ ಕ್ರಿಯಾಪದ. ಅದೇ ಅಪ್ಪ, ಅದೇ ಮಗ, ಅದೇ ಪ್ರೀತಿ. ಜ್ಞಾನೋಕ್ತಿ 8:17ರಲ್ಲಂತೂ ನನ್ನನ್ನ ಫಿಲೆಯೋ ಮಾಡೋರನ್ನ ನಾನು ಅಗಪಾಓ ಮಾಡ್ತೀನಿ ಅಂತ ಎರಡೂ ಒಂದೇ ಸಾಲಲ್ಲಿ.

ಹಾಗಂತ ಎರಡೂ ಪೂರ್ತಿ ಒಂದೇ ಅಂತನೂ ಹೇಳಬೇಡಿ, ಅದು ಇನ್ನೊಂದು ತುದಿಯ ತಪ್ಪು. ಫಿಲೆಯೋಗೆ ಮುತ್ತು ಕೊಡು ಅನ್ನೋ ಅರ್ಥವೂ ಇದೆ, ಯೂದ ಗುರುತಿಗೆ ಯೇಸುವಿಗೆ ಮುತ್ತು ಕೊಡ್ತೀನಿ ಅಂದಿದ್ದು ಅದೇ ಪದದಲ್ಲಿ, ಮತ್ತಾಯ 26:48. ಅಗಪಾಓಗೆ ಆ ಅರ್ಥ ಇಲ್ಲ. ಪ್ರೀತಿಸಬೇಕು ಅಂತ ಆಜ್ಞೆ ಕೊಡೋ ಕಡೆಗಳಲ್ಲಿ ಬರೋದು ಹೆಚ್ಚಾಗಿ ಅಗಪಾಓನೇ. 2 ಪೇತ್ರ 1:7ರಲ್ಲಿ ಸಹೋದರಸ್ನೇಹಕ್ಕೆ ಫಿಲದೆಲ್ಫಿಯ ಅಂತ ಹೇಳಿ ಅದರ ಮೇಲೆ ಅಗಾಪೆ ಸೇರಿಸಿ ಅಂದಾಗ ಅಲ್ಲಿ ವ್ಯತ್ಯಾಸ ಇದ್ದೇ ಇದೆ. ನಮ್ಮಲ್ಲಿ 'ಅಕ್ಕರೆ' 'ಪ್ರೀತಿ' ಎಷ್ಟೋ ಕಡೆ ಒಂದರ ಜಾಗದಲ್ಲಿ ಇನ್ನೊಂದು ಕೂರತ್ತೆ, ಕೆಲವು ಕಡೆ ಕೂರಲ್ಲ. ಗ್ರೀಕ್‌ನವರೂ ಮನುಷ್ಯರೇ, ಹಾಗೇ ಮಾತಾಡ್ತಿದ್ರು.

6. ಈಗ ಯೋಹಾನ 21ಕ್ಕೆ ವಾಪಸ್ ಬನ್ನಿ

ಸಾಮಾನ್ಯವಾಗಿ ಕೇಳೋ ವಿವರಣೆ ಹೀಗಿರತ್ತೆ: ಯೇಸು ದೊಡ್ಡ ಪ್ರೀತಿ ಕೇಳಿದ್ರು, ಪೇತ್ರ ಚಿಕ್ಕ ಪ್ರೀತಿ ಮಾತ್ರ ಕೊಡೋಕೆ ಒಪ್ಪಿದ, ಕೊನೆಗೆ ಯೇಸುವೇ ಅವನ ಮಟ್ಟಕ್ಕೆ ಇಳಿದು ಬಂದ್ರು. ಕೇಳೋಕೆ ಚೆನ್ನಾಗಿದೆ, ಹಿಂದಿನ ಕಾಲದ ದೊಡ್ಡ ವಿದ್ವಾಂಸರಲ್ಲೂ ಇಲ್ಲಿ ವ್ಯತ್ಯಾಸ ಕಂಡವರು ಇದ್ದಾರೆ, ಹಾಗಾಗಿ ಹಾಗೆ ಹೇಳೋ ಪಾಸ್ಟರ್‌ನ ತಪ್ಪುಗಾರ ಮಾಡಬೇಡಿ. ಆದ್ರೆ ವಚನವನ್ನ ಹತ್ತಿರದಿಂದ ನೋಡಿ.

ಮೊದಲ ಎರಡು ಸಲ ಪೇತ್ರ ಉತ್ತರ ಶುರು ಮಾಡೋದೇ "ಹೌದು" ಅಂತ. ಕೇಳಿದ್ದು ಒಂದು, ಕೊಟ್ಟಿದ್ದು ಇನ್ನೊಂದು ಆಗಿದ್ರೆ ಹೌದು ಅನ್ನೋ ಮಾತು ಅಲ್ಲಿ ಹೇಗೆ ಬರತ್ತೆ?

17ನೇ ವಚನದಲ್ಲಿ ಯೇಸು ಮೂರನೇ ಸಲ ನನ್ನ ಮೇಲೆ ಪ್ರೀತಿ ಇದೆಯಾ ಅಂತ ಕೇಳಿದ್ದಕ್ಕೆ ಪೇತ್ರ ನೊಂದುಕೊಂಡ ಅಂತಿದೆ. ಯೋಹಾನ ಮೂರನ್ನೂ ಒಂದೇ ಪ್ರಶ್ನೆ ಅಂತ ಲೆಕ್ಕ ಹಾಕಿದ ಹಾಗಿದೆ.

ಇನ್ನೂ ಒಂದು, ಇದೇ ಮೂರು ವಚನದಲ್ಲಿ ಬದಲಾಗಿರೋದು ಪ್ರೀತಿ ಪದ ಒಂದೇ ಅಲ್ಲ. ಪ್ರತಿ ಉತ್ತರಕ್ಕೂ ಯೇಸು ನನ್ನ ಮಂದೆ ಮೇಯಿಸು ಅಂತಾರಲ್ಲ, ಅಲ್ಲಿ ಮೊದಲ ಸಲ ಕುರಿಮರಿಗಳು ಅಂತಿದೆ, ಆಮೇಲೆ ಕುರಿಗಳು. ಮೇಯಿಸು ಅನ್ನೋದಕ್ಕೆ 'ಬೋಸ್ಕೆ', ನಡುವೆ 'ಪೊಯ್‌ಮೈನೆ', ಮತ್ತೆ 'ಬೋಸ್ಕೆ'. ನಿನಗೆ ಗೊತ್ತು ಅನ್ನೋದಕ್ಕೂ 17ರಲ್ಲಿ 'ಓಯ್ದಾಸ್', 'ಗಿನೋಸ್ಕೇಯ್ಸ್' ಅಂತ ಎರಡು ಕ್ರಿಯಾಪದ. ಕುರಿ ಮತ್ತು ಕುರಿಮರಿಗೆ ಬೇರೆ ಬೇರೆ ಸಿದ್ಧಾಂತ ಕಟ್ಟದವರು ಪ್ರೀತಿಗೆ ಮಾತ್ರ ಕಟ್ಟೋದು ಯಾಕೆ? ಒಂದೇ ಪದ ಪದೇ ಪದೇ ಬರದಂಗೆ ಬದಲಾಯಿಸಿ ಬರೆಯೋದು ಯೋಹಾನನ ಶೈಲಿ.

ಹಾಗಾದ್ರೆ ಈ ಭಾಗದಲ್ಲಿ ಗ್ರೀಕ್ ನೋಡಿ ಏನು ಲಾಭ ಅಂದ್ರೆ, ಲಾಭ ಇನ್ನೊಂದು ಪದದಲ್ಲಿದೆ. 21:9ರಲ್ಲಿ ಕೆಂಡದ ಬೆಂಕಿಗೆ 'ಅಂಥ್ರಕಿಯಾ' ಅಂತಿದೆ. ಹೊಸ ಒಡಂಬಡಿಕೆಯಲ್ಲಿ ಆ ಪದ ಬರೋದು ಎರಡೇ ಕಡೆ. ಇನ್ನೊಂದು ಯೋಹಾನ 18:18, ಮಹಾಯಾಜಕನ ಅಂಗಳದಲ್ಲಿ ಚಳಿಗೆ ಹಾಕಿದ್ದ ಬೆಂಕಿ, ಅದರ ಹತ್ತಿರ ನಿಂತು ಮೈ ಕಾಯಿಸ್ಕೊಳ್ತಾನೇ ಪೇತ್ರ ನಾನು ಅವನ ಶಿಷ್ಯ ಅಲ್ಲ ಅಂದಿದ್ದು. ಮೂರು ಸಲ ಅಲ್ಲ ಅಂದವನಿಗೆ ಅಂಥದ್ದೇ ಕೆಂಡದ ಮುಂದೆ ಮೂರು ಸಲ ಪ್ರಶ್ನೆ. ಅವನು ಯಾಕೆ ನೊಂದುಕೊಂಡ ಅಂತ ಈಗ ನೋಡಿ. ನಾನು ಇದನ್ನ ಮೊದಲ ಸಲ ಕಾನ್ಕಾರ್ಡೆನ್ಸ್‌ನಲ್ಲಿ ಕಂಡ ದಿನ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತುಬಿಟ್ಟಿದ್ದೆ.

7. ಅರ್ಥವನ್ನ ವಾಕ್ಯದಿಂದ ಬರೀರಿ

ಅಗಾಪೆ ಅನ್ನೋ ಪದ ಸಾಧಾರಣ ಅಂದ ಮಾತ್ರಕ್ಕೆ ಕ್ರಿಸ್ತನ ಪ್ರೀತಿ ಸಾಧಾರಣ ಆಗಲ್ಲ. ಕೆಲವರು ಇಲ್ಲಿ ಹೆದರ್ತಾರೆ, ಹೆದರಬೇಡಿ. ಆ ಪ್ರೀತಿಯ ಎತ್ತರ ಆಳ ಎಲ್ಲ ವಾಕ್ಯದಲ್ಲಿದೆ. "ದೇವರು ಲೋಕದ ಮೇಲೆ ಎಷ್ಟೋ ಪ್ರೀತಿಯನ್ನಿಟ್ಟು" ಅನ್ನೋದರ ತೂಕ ಅದರ ಮುಂದಿನ ಮಾತಿನಲ್ಲಿದೆ, ಮಗನನ್ನ ಕೊಟ್ಟ ಅನ್ನೋದರಲ್ಲಿ. (ಅಲ್ಲಿನ 'ಹೂಟೋಸ್' ಪದಕ್ಕೆ 'ಹೀಗೆ, ಈ ರೀತಿಯಲ್ಲಿ' ಅನ್ನೋದು ಮೂಲ ಅರ್ಥ, ಎಷ್ಟು ಅನ್ನೋದಕ್ಕಿಂತ ಹೇಗೆ ಪ್ರೀತಿಸಿದ ಅನ್ನೋ ಕಡೆ ಅದು ಬೊಟ್ಟು ಮಾಡತ್ತೆ.)

1 ಕೊರಿಂಥ 13 ತಗೊಳ್ಳಿ, 4ರಿಂದ 7ನೇ ವಚನ. ಕನ್ನಡದಲ್ಲಿ ತಾಳ್ಮೆಯುಳ್ಳದ್ದು ಅಂತ ಗುಣವಾಗಿ ಓದ್ತೀವಿ, ಗ್ರೀಕ್‌ನಲ್ಲಿ ಅಲ್ಲಿರೋದೆಲ್ಲ ಕ್ರಿಯಾಪದ, ಸಾಲಾಗಿ 15. ಪ್ರೀತಿ ತಾಳಿಕೊಳ್ಳತ್ತೆ, ದಯೆ ಮಾಡತ್ತೆ, ಹೊಟ್ಟೆಕಿಚ್ಚು ಪಡಲ್ಲ, ಹೀಗೆ. ಅದರಲ್ಲಿ 'ಲೊಗಿಜೆತಾಯ್' ಅನ್ನೋದು ಲೆಕ್ಕ ಬರೆಯೋರ ಪದ. ಅಂಗಡಿಯಲ್ಲಿ ಉದ್ರಿ ಪುಸ್ತಕ ಇರತ್ತಲ್ಲ, ಯಾರ ಹೆಸರಲ್ಲಿ ಎಷ್ಟು ಬಾಕಿ ಅಂತ, ಪ್ರೀತಿ ಕೆಡುಕನ್ನ ಹಾಗೆ ಯಾರ ಹೆಸರಲ್ಲೂ ಬರೆದಿಡಲ್ಲ ಅಂತ ಪೌಲ ಹೇಳ್ತಿರೋದು. ಅಗಾಪೆ ಅಂದ್ರೇನು ಅಂತ ಕೇಳಿದವರಿಗೆ ಈ 15 ಕ್ರಿಯಾಪದ ತೋರಿಸಿ.

1 ಯೋಹಾನ 4:8ನ್ನೂ ಹೀಗೇ ನೋಡಿ. ಗ್ರೀಕ್‌ನಲ್ಲಿ 'ದೇವರು ಪ್ರೀತಿ' ಅಂತಷ್ಟೇ ಇದೆ, ನಮ್ಮ ಹಳೆಯ ಅನುವಾದಕರು 'ಪ್ರೀತಿಸ್ವರೂಪಿ' ಅಂದ್ರು. ನನಗೆ ಇದು ಬಹಳ ಯೋಚನೆ ಮಾಡಿ ಹಾಕಿದ ಪದ ಅನ್ನಿಸತ್ತೆ. ಗ್ರೀಕ್ ವಾಕ್ಯದಲ್ಲಿ 'ದೇವರು' ಪದಕ್ಕೆ ಆರ್ಟಿಕಲ್ ಇದೆ (ಪದಕ್ಕೆ ಮುಂಚೆ ಬಂದು 'ಇದೇ' ಅಂತ ಗುರುತಿಸೋ ಪುಟ್ಟ ಪದ), 'ಪ್ರೀತಿ'ಗೆ ಇಲ್ಲ, ಹಾಗಾಗಿ ತಿರುಗಿಸಿ 'ಪ್ರೀತಿಯೇ ದೇವರು' ಅಂತ ಓದೋಕೆ ಬರಲ್ಲ. ಪ್ರೀತಿಸ್ವರೂಪಿ ಅಂದಾಗ ಕನ್ನಡದಲ್ಲೂ ಹಾಗೆ ತಿರುಗಿಸೋಕೆ ಆಗಲ್ಲ.

ತುಂಬಾ ಜನ ಬೀಳೋ ಗುಂಡಿಗಳು

ಪದ ಒಡೆದು ಅರ್ಥ ಹೇಳೋದು. 'ಗವಾಕ್ಷಿ' ಒಡೆದ್ರೆ ಹಸುವಿನ ಕಣ್ಣು, ಆದ್ರೆ ಗವಾಕ್ಷಿ ತೆಗೆಯಪ್ಪ ಅಂದ್ರೆ ಯಾರೂ ಹಸು ಹುಡುಕಲ್ಲ, ಕಿಟಕಿ ತೆಗೀತಾರೆ. 'ಎಕ್ಲೇಸಿಯಾ' (ಸಭೆ ಅನ್ನೋದಕ್ಕಿರೋ ಗ್ರೀಕ್ ಪದ) ಒಡೆದು 'ಹೊರಗೆ ಕರೆಯಲ್ಪಟ್ಟವರು' ಅಂತ ಪ್ರಸಂಗ ಕಟ್ಟೋ ಮೊದಲು ಅಪೊಸ್ತಲರ ಕೃತ್ಯಗಳು 19:32 ನೋಡಿ, ಎಫೆಸದಲ್ಲಿ ಗಲಾಟೆ ಮಾಡೋಕೆ ಸೇರಿದ್ದ ಗುಂಪಿಗೂ ಅದೇ ಪದ.

ಈಗಿನ ಅರ್ಥವನ್ನ ಹಳೇ ಪದಕ್ಕೆ ತುಂಬೋದು. 'ದುನಾಮಿಸ್' ಅಂದ್ರೆ ಶಕ್ತಿ, ಅದರಿಂದ ಡೈನಮೈಟ್ ಅನ್ನೋ ಹೆಸರು ಹುಟ್ಟಿದ್ದು 19ನೇ ಶತಮಾನದಲ್ಲಿ. ಪೌಲನ ತಲೆಯಲ್ಲಿ ಸಿಡಿಮದ್ದು ಇರಲಿಲ್ಲ.

ಡಿಕ್ಷನರಿಯಲ್ಲಿರೋ ಎಲ್ಲಾ ಅರ್ಥವನ್ನೂ ಒಂದೇ ವಚನಕ್ಕೆ ಸುರಿಯೋದು. 'ಕಾಲು' ಅಂದ್ರೆ ಪಾದದ ಕಾಲೂ ಹೌದು, ನಾಲ್ಕನೇ ಒಂದು ಭಾಗವೂ ಹೌದು. ಕಾಲು ಕೆಜಿ ಸಕ್ಕರೆ ಕೊಡಿ ಅಂದಾಗ ಎರಡೂ ಅರ್ಥ ಒಟ್ಟಿಗೆ ಬರಲ್ಲ.

ಸ್ಟ್ರಾಂಗ್ ನಂಬರ್ ಪಕ್ಕದ ಎರಡು ಸಾಲನ್ನೇ ಡಿಕ್ಷನರಿ ಅಂದ್ಕೊಳ್ಳೋದು. ಅದರಲ್ಲಿ ದೊಡ್ಡ ಭಾಗ 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್‌ನಲ್ಲಿ ಆ ಪದವನ್ನ ಹೇಗೆಲ್ಲ ಅನುವಾದ ಮಾಡಿದ್ದಾರೆ ಅನ್ನೋ ಪಟ್ಟಿ. ಪದ ಹುಡುಕೋಕೆ ನಂಬರ್ ಬಳಸಿ, ಅರ್ಥಕ್ಕೆ ವಚನಗಳನ್ನ ಓದಿ.

ಕೊನೇ ಮಾತು ಸ್ಟಡಿ ನಡೆಸೋರಿಗೆ. ಗ್ರೀಕ್ ಪದ ಹೇಳಿದ ತಕ್ಷಣ ಕೂತಿರೋರು ಸುಮ್ಮನಾಗಿಬಿಡ್ತಾರೆ, ನಮಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತು ಅಂತ. ಕೈಯಲ್ಲಿ ಹಳೇ ಬೈಬಲ್ ಹಿಡ್ಕೊಂಡು ಬರೋ ಅಜ್ಜಿ ನನ್ನ ಬೈಬಲ್‌ನಲ್ಲಿ ಏನೋ ಕಮ್ಮಿ ಇದೆ ಅಂದ್ಕೊಂಡು ಮನೆಗೆ ಹೋಗಬಾರದು. ಗ್ರೀಕ್ ಹೇಳಲೇಬೇಕಾದ್ರೆ ಅದು ಅವರ ಕನ್ನಡ ವಚನವನ್ನ ಇನ್ನಷ್ಟು ತಿಳಿ ಮಾಡಬೇಕು.

ಅಭ್ಯಾಸಕ್ಕೆ ಒಂದು ವಚನ ಕೊಡ್ತೀನಿ, ಯೋಹಾನ 15:13. ಸ್ನೇಹಿತರಿಗೋಸ್ಕರ ಪ್ರಾಣ ಕೊಡೋದಕ್ಕಿಂತ ದೊಡ್ಡ ಪ್ರೀತಿ ಇಲ್ಲ ಅನ್ನೋ ಮಾತು. ಇಂಟರ್‌ಲೀನಿಯರ್ ತೆಗೆದು 'ಪ್ರೀತಿ' ಅನ್ನೋ ಜಾಗದಲ್ಲಿ ಯಾವ ಪದ ಇದೆ, 'ಸ್ನೇಹಿತರು' ಅನ್ನೋ ಜಾಗದಲ್ಲಿ ಯಾವುದು ಇದೆ ನೋಡಿ, ಎರಡನೆಯದು ಫಿಲೆಯೋ ಮನೆತನದ ಪದ. ಆಮೇಲೆ ಹಂತ 3ರಿಂದ ಶುರು ಮಾಡಿ.